ಬೇಜಾರು ಕೆಲಸದ್ದೋ, ನನ್ನದೋ?

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ನಮ್ಮ ಮನೆಯ ಪಡಸಾಲೆಯೇ ನನ್ನ ಆಫೀಸು. ಒಳ್ಳೆಯ ಸಂಬಳ, ಹೊತ್ತು-ಗೊತ್ತಿನ ಕಟ್ಟುಪಾಡಿಲ್ಲ. ಆದರೆ ದಿನವಿಡೀ ಲ್ಯಾಪ್‌ಟಾಪ್‌ನಲ್ಲಿ ಅದದೇ ಲೆಕ್ಕದ ಶೀಟು ತುಂಬಿಸಿ ಎದ್ದಾಗ, ಇವತ್ತು ಏನು ಮಾಡಿದೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರುವುದಿಲ್ಲ.

ಕೆಲಸ ಬಿಡುತ್ತೇನೆ ಎಂದು ಒಮ್ಮೆ ಅಪ್ಪನ ಮುಂದೆ ಅಂದೆ. ಅಪ್ಪ ಬೈಯಲಿಲ್ಲ. ‘2024ರ ಆಗಸ್ಟ್ ನೆನಪೈತೇನು?’ ಎಂದರು ಅಷ್ಟೆ. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ, ಕಾಲುವೆ ನೀರು ನಂಬಿ ಭತ್ತ ಹಾಕುವ ನಮ್ಮ ಕಡೆಯವರಿಗೆ ನಿದ್ದೆ ಇರಲಿಲ್ಲ. ನನ್ನ ಸಂಬಳ ಮಾತ್ರ ಆ ತಿಂಗಳೂ ತಪ್ಪದೆ ಬಂದಿತ್ತು.

ಬಳ್ಳಾರಿ ರಾಘವರು (1880–1946) ವೃತ್ತಿಯಲ್ಲಿ ವಕೀಲರು. ಇಂದಿಗೂ ಅವರ ಹೆಸರು ಉಳಿದಿರುವುದು ರಂಗಭೂಮಿಯಿಂದ. ನನಗಿರುವಷ್ಟು ಬಿಡುವು ಅವರಿಗಿತ್ತೇ?

ನನಗೂ ಬಯಲಾಟದ ಹುಚ್ಚು. ತಾಲೀಮು ನಡೆಯುವುದು ಮನೆಯಿಂದ ನಾಲ್ಕು ಹೆಜ್ಜೆ ದೂರದ ಗುಡಿ ಕಟ್ಟೆಯಲ್ಲಿ, ರಾತ್ರಿ ಹೊತ್ತು. ಎರಡು ವರ್ಷ ನಾನು ಅತ್ತ ತಲೆ ಹಾಕಿರಲಿಲ್ಲ. ಕೆಲಸವನ್ನು ಬೈಯುತ್ತಾ ಮೊಬೈಲ್ ನೋಡುತ್ತಿದ್ದೆ. ತಪ್ಪೆಲ್ಲ ಕೆಲಸದ್ದೇ ಆಗಿರಲಿಲ್ಲ.

ಈಗ ವಾರಕ್ಕೆ ಮೂರು ರಾತ್ರಿ ತಾಲೀಮಿಗೆ ಹೋಗುತ್ತೇನೆ. ಹೆಜ್ಜೆ ತಪ್ಪಿದರೆ ಮಾಸ್ತರರು ಎಲ್ಲರೆದುರೇ ಗದರುತ್ತಾರೆ. ಶೀಟು ತುಂಬುವುದು ಇವತ್ತಿಗೂ ಬೇಜಾರೇ. ಆದರೆ ಸಂಜೆಯಾಗುವುದನ್ನು ಕಾಯುವಂತಾಗಿದೆ.

ಇಂಥ ಕೆಲಸ ಬಿಡಬೇಕಾದ ದಿನವೂ ಬರಬಹುದು. ಗೆಳೆಯರೇ, ಅದಕ್ಕೂ ಮೊದಲು ಕೆಲಸ ಕೊಟ್ಟ ಬಿಡುವನ್ನು ನಾವೇನು ಮಾಡಿದೆವು ಎಂದು ಕೇಳಿಕೊಳ್ಳೋಣ.