ಗದಗಿನಲ್ಲಿ ಇಳಿಯದ ಯುವ ಪ್ರವಾಸಿಗರು

ಹುಬ್ಬಳ್ಳಿಯಿಂದ ಹಂಪಿಗೆ ಹೊರಟವರು ರೈಲಿನಲ್ಲಿ ಹೋದರೂ ರಸ್ತೆಯಲ್ಲಿ ಹೋದರೂ ಗದಗಿನ ಮಗ್ಗುಲನ್ನು ಸವರಿಕೊಂಡೇ ಸಾಗಬೇಕು. ಹಂಪಿಯಿಂದ ಬಾದಾಮಿಗೆ ರೈಲಿನಲ್ಲಿ ಹೋಗುವವರಿಗೂ ಗದಗ ಜಂಕ್ಷನ್ ತಪ್ಪಿದ್ದಲ್ಲ. ಬೆನ್ನಿಗೆ ಚೀಲ ಏರಿಸಿದ ಹುಡುಗ ಹುಡುಗಿಯರು ನಮ್ಮ ನಿಲ್ದಾಣದಲ್ಲಿ ಚಹ ಕುಡಿದು, ಮುಂದಿನ ಗಾಡಿಯ ವೇಳೆಯನ್ನು ವಿಚಾರಿಸಿ ಹೊರಟುಹೋಗುವುದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಊರೊಳಗೆ ನೋಡುವಂಥದ್ದು ಏನಿದೆ ಎಂದು ಅವರು ಕೇಳಿದರೆ, "ಏನೂ ಇಲ್ಲರಿ, ಹಂಪಿಗೇ ಹೋಗ್ರಿ" ಎಂದು ಉತ್ತರಿಸುವವರೂ ನಾವೇ. ಪ್ರವಾಸೋದ್ಯಮದ ವಿಷಯ ಬಂದಾಗಲೆಲ್ಲ ಸರಕಾರ ಏನು ಮಾಡಿತು ಎಂದು ಪ್ರಶ್ನಿಸುವುದು ನಮ್ಮ ರೂಢಿ. ಈ ಸಲ ವರ್ತಕ ಬಾಂಧವರನ್ನೇ ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಇಪ್ಪತ್ತು ಇಪ್ಪತ್ತೆರಡು ವಯಸ್ಸಿನವರಿಗೆ ಎರಡು ದಿನ ಸಾಲದಷ್ಟು ಸಂಗತಿಗಳು ಗದಗಿನಲ್ಲಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನು ಕುಳಿತು ಭಾರತವನ್ನು ಬರೆದನೆಂದು ಪ್ರತೀತಿಯಿರುವ ಕಂಬವಿದೆ. ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳ ಕುಸುರಿ ಕೆಲಸವನ್ನು ಕಂಡವರು ಹಂಪಿಯ ಕಂಬಗಳ ಮುಂದೆ ನಿಂತಾಗಲೂ ಅದನ್ನು ನೆನೆಯದಿರಲಾರರು. ಇವೆರಡನ್ನೂ ಊರಿನ ಹಿರಿಯರು ತೋರಿಸುತ್ತಾರೆ, ಸರಿಯೇ. ಆದರೆ ಯುವಕರಿಗೆ ಗುಡಿಯೊಂದೇ ಸಾಲದು. ಅವರಿಗೆ ಏನಾದರೂ ನಡೆಯುತ್ತಿರಬೇಕು, ಅದನ್ನು ಹತ್ತಿರದಿಂದ ನೋಡುವಂತಿರಬೇಕು, ಸಾಧ್ಯವಾದರೆ ಕೈಹಚ್ಚಿಯೂ ನೋಡುವಂತಿರಬೇಕು. ಇಂಥದ್ದು ಇರುವುದು ನಮ್ಮ ನಿಮ್ಮ ಅಂಗಡಿ, ಕಾರ್ಖಾನೆಗಳ ಒಳಗೆ.

ಮುದ್ರಣವನ್ನೇ ತೆಗೆದುಕೊಳ್ಳೋಣ. ಗದಗನ್ನು ಮುದ್ರಣ ಕಾಶಿ ಎಂದು ನಾವೇ ಹೆಮ್ಮೆಯಿಂದ ಕರೆದುಕೊಳ್ಳುತ್ತೇವೆ. ಪಂಚಾಂಗ, ಪುರಾಣ, ಕಂಪನಿ ನಾಟಕದ ಪುಸ್ತಕ, ಶಾಲೆಯ ಗೈಡು, ಮದುವೆಯ ಲಗ್ನಪತ್ರಿಕೆ ಇವೆಲ್ಲ ಈ ಊರಿನ ಯಂತ್ರಗಳಿಂದ ಉತ್ತರ ಕರ್ನಾಟಕದ ಮನೆಮನೆಗೆ ಹೋಗಿವೆ. ಇಂಥದೇ ಮುದ್ರಣದ ಮನೆತನದಿಂದ ಬಂದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯೊಂದಿಗೆ ಸಾಗಾಣಿಕೆ ವ್ಯವಹಾರಕ್ಕಿಳಿದದ್ದು ನಮ್ಮ ವಾಚಕರಿಗೆ ತಿಳಿಯದ ವಿಷಯವೇನಲ್ಲ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುತ್ತಿದ್ದ ಕೈಗಳು ಇನ್ನೂ ಈ ಊರಿನಲ್ಲಿವೆ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಒಂದು ಟ್ರೆಡಲ್ ಯಂತ್ರವನ್ನು ಒರೆಸಿ ನಿಲ್ಲಿಸಿ, ಬಂದ ಹುಡುಗನ ಹೆಸರನ್ನು ಅವನಿಂದಲೇ ಮೊಳೆಗಳಲ್ಲಿ ಜೋಡಿಸಿ ಅಚ್ಚು ಹಾಕಿಸಿಕೊಟ್ಟರೆ, ಆ ಚೀಟಿಯನ್ನು ಅವನು ಬಹುಕಾಲ ಜೋಪಾನ ಮಾಡುತ್ತಾನೆ. ಇದಕ್ಕೆ ನೂರು ರೂಪಾಯಿ ಕೊಡಲು ಅವನು ಹಿಂಜರಿಯುವುದೂ ಇಲ್ಲ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಮುದ್ರಕ ಮಿತ್ರರು ಈ ಲೆಕ್ಕವನ್ನು ಒಮ್ಮೆ ಮಾಡಿನೋಡಬೇಕೆಂದು ವಿನಂತಿ.

ಬೆಟಗೇರಿಯ ಕೈಮಗ್ಗಗಳ ವಿಷಯವೂ ಹೀಗೆಯೇ. ಕುಣಿಮಗ್ಗದ ಮುಂದೆ ಕುಳಿತು ಲಾಳಿ ಎಳೆಯುವವನ ಕೈಕಾಲುಗಳ ಹೊಂದಾಣಿಕೆಯನ್ನು ಹತ್ತು ನಿಮಿಷ ನೋಡಿದವರು ಸೀರೆಯ ಬೆಲೆಯಲ್ಲಿ ಚೌಕಾಸಿ ಮಾಡುವುದನ್ನು ತಾವಾಗಿಯೇ ಬಿಡುತ್ತಾರೆ. ಇನ್ನು ಎ.ಪಿ.ಎಂ.ಸಿ. ಪ್ರಾಂಗಣ. ಹೆಸರು ಬರುವ ಹಂಗಾಮಿನಲ್ಲಿ, ಒಣಮೆಣಸಿನಕಾಯಿಯ ಕಾಲದಲ್ಲಿ ಅಲ್ಲಿ ಕಾಣುವ ಬಣ್ಣವನ್ನು ಯಾವ ಉದ್ಯಾನವೂ ಕೊಡಲಾರದು. ಮೆಣಸಿನಕಾಯಿಯ ಘಾಟಿಗೆ ಸೀನುತ್ತಲೇ ಛಾಯಾಚಿತ್ರ ತೆಗೆಯುವವರನ್ನು ನಮ್ಮ ಹಮಾಲರು ನಗುನಗುತ್ತ ನೋಡುತ್ತಾರೆ. ಅಡ್ಡಿಪಡಿಸುವವರು ಅವರಲ್ಲ, ನಮ್ಮ ಗುಮಾಸ್ತರು.

ಊರಿನ ಹೊರಗೆ ಹೋದರೆ ಲಕ್ಕುಂಡಿ ಇದೆ. ಹನ್ನೆರಡು ಕಿಲೋಮೀಟರಿನೊಳಗಿನ ದಾರಿ. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಪ್ರಸಿದ್ಧವಾಗಿದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡ, ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿ ಇಷ್ಟನ್ನು ನಿಧಾನವಾಗಿ ನೋಡಲು ಅರ್ಧ ದಿನ ಬೇಕು. ಬಿಸಿಲಿನಿಂದ ಬಂದು ಆ ಬಾವಿಯ ಮೆಟ್ಟಿಲುಗಳ ಮೇಲೆ ಕುಳಿತವರು ಬೇಗನೆ ಏಳುವುದಿಲ್ಲ. ಲಕ್ಕುಂಡಿ ಒಂದು ಕಾಲಕ್ಕೆ ಟಂಕಸಾಲೆಯ ಊರಾಗಿತ್ತು ಎಂಬ ಸಂಗತಿ ವ್ಯಾಪಾರಿಗಳಾದ ನಮಗೆ ವಿಶೇಷವಾಗಿ ಹಿಡಿಸಬೇಕು. ಇನ್ನೊಂದು ದಿಕ್ಕಿಗೆ ಕಣಗಿನಹಾಳವಿದೆ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಏಷ್ಯಾದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದ ಊರು ಅದು. ವಾಣಿಜ್ಯ ವಿದ್ಯಾರ್ಥಿಗಳನ್ನು ಬೆಂಗಳೂರಿನ ಮಾಲುಗಳಿಗೆ ಶೈಕ್ಷಣಿಕ ಪ್ರವಾಸ ಕರೆದೊಯ್ಯುವ ನಮ್ಮ ಕಾಲೇಜುಗಳು ಇತ್ತ ತಲೆ ಹಾಕಿಲ್ಲವೇಕೆ ಎಂಬುದು ನನಗೆ ಬಗೆಹರಿಯದ ಪ್ರಶ್ನೆ.

ಚಳಿಗಾಲದಲ್ಲಿ ಬಂದವರು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನು ಬಿಡಬಾರದು. ಹಿಮಾಲಯದ ಆಚೆಯಿಂದ ಹಾರಿಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರಿನಿಂದ ಮಾರ್ಚ್‌ವರೆಗೆ ಇಲ್ಲಿ ತಂಗುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡವೂ ಸಮೀಪದಲ್ಲಿಯೇ ಇದೆ. ಆದರೆ ಹಕ್ಕಿಗಳನ್ನು ನೋಡಬೇಕಾದರೆ ನಸುಕಿನಲ್ಲಿಯೇ ಕೆರೆಯ ದಂಡೆಯಲ್ಲಿರಬೇಕು. ಅದಕ್ಕೆ ಹಿಂದಿನ ರಾತ್ರಿ ಗದಗಿನಲ್ಲಿ ತಂಗುವುದು ಅನುಕೂಲ. ನಮ್ಮ ತೊಡಕು ಪ್ರಾರಂಭವಾಗುವುದು ಇಲ್ಲಿಯೇ.

ಹುಬ್ಬಳ್ಳಿಯ ನನ್ನ ಸ್ನೇಹಿತರೊಬ್ಬರ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕಳೆದ ಚಳಿಗಾಲದಲ್ಲಿ ಇಬ್ಬರು ಗೆಳತಿಯರೊಡನೆ ಮಾಗಡಿ ಕೆರೆಗಾಗಿಯೇ ಬಂದಿದ್ದಳು. ಮೂವರ ಬಳಿಯೂ ಗುರುತಿನ ಚೀಟಿಗಳಿದ್ದವು, ಹಣವಿತ್ತು. ಒಂದು ವಸತಿಗೃಹದಲ್ಲಿ "ಹಿರಿಯರು ಯಾರೂ ಜೊತೆಗಿಲ್ಲವೇ?" ಎಂದು ಕೇಳಿ ಕೊಠಡಿ ನಿರಾಕರಿಸಿದರು. ಎರಡನೆಯ ಕಡೆ ಕೊಠಡಿ ಖಾಲಿಯಿಲ್ಲವೆಂದರು, ಕೀಲಿಗಳು ಹಲಗೆಯ ಮೇಲೆ ತೂಗುತ್ತಿದ್ದವು. ಕತ್ತಲಾದ ಮೇಲೆ ಮೂವರೂ ಬಸ್ಸು ಹಿಡಿದು ಹುಬ್ಬಳ್ಳಿಗೆ ಮರಳಿದರು. ಮರುದಿನ ಆಕೆ ದೂರವಾಣಿಯಲ್ಲಿ, "ಕಾಕಾ, ನಿಮ್ಮ ಊರಾಗ ಗಿರ್ಮಿಟ್ಟು ಮಿರ್ಚಿ ಭಾರೀ ಇದ್ದವು, ಆದರ ನಮ್ಮನ್ನ ಕಳ್ಳರಂಗ ನೋಡಿದರು" ಎಂದಳು. ನನಗೆ ಉತ್ತರ ತೋಚಲಿಲ್ಲ. ಮೊದಲೇ ನನಗೊಂದು ಮಾತು ತಿಳಿಸಿದ್ದರೆ ನಮ್ಮ ಮನೆಯಲ್ಲಿಯೇ ಇಳಿದುಕೊಳ್ಳಬಹುದಿತ್ತಲ್ಲ ಎಂದೆ. ಪರಿಚಯದವರ ಮನೆಯಿಲ್ಲದೆ ಒಂದು ರಾತ್ರಿ ತಂಗಲಾಗದ ಊರನ್ನು ನಗರವೆಂದು ಕರೆಯುವುದು ಹೇಗೆ ಎಂಬುದು ಆಮೇಲೆ ನನ್ನನ್ನೇ ಕಾಡಿತು.

ವಸತಿಗೃಹದ ಮಾಲೀಕರಿಗೂ ಅವರದೇ ಆದ ಭಯಗಳಿವೆ ಎಂಬುದನ್ನು ಬಲ್ಲೆ. ಏನಾದರೂ ಆದರೆ ಪೊಲೀಸ್ ಠಾಣೆಗೆ ಅಲೆಯಬೇಕಾದವರು ಅವರು. ಆದರೆ ಗುರುತಿನ ಚೀಟಿ ಪಡೆದು, ದಾಖಲೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಪ್ರಾಪ್ತ ವಯಸ್ಕರಿಗೆ ಕೊಠಡಿ ಕೊಡಲು ಯಾವ ಕಾಯಿದೆಯೂ ಅಡ್ಡಿಯಾಗಿಲ್ಲ. ಅಡ್ಡಿಯಾಗಿರುವುದು ನಮ್ಮ ಸಂಶಯ.

ಲೆಕ್ಕದ ಭಾಷೆಯಲ್ಲಿಯೂ ಹೇಳಬಹುದು. ದಿನಕ್ಕೆ ಕೇವಲ 20 ಮಂದಿ ಒಂದು ರಾತ್ರಿ ತಂಗಿ ತಲಾ 2,000 ರೂಪಾಯಿ ವೆಚ್ಚ ಮಾಡಿದರೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 1 ಕೋಟಿ 46 ಲಕ್ಷ ರೂಪಾಯಿ ಆಗುತ್ತದೆ. ಇದು ಬರೀ ಊಹೆಯ ಗಣಿತ, ದೊಡ್ಡ ಅಡತ್ಯರ ಕಣ್ಣಿಗೆ ಈ ಮೊತ್ತ ಹಿರಿದೂ ಅಲ್ಲ. ಆದರೆ ಈ ಹಣ ಒಂದೇ ತಿಜೋರಿಗೆ ಬೀಳದೆ ಖಾನಾವಳಿ, ಆಟೋ, ಬಟ್ಟೆಯ ಅಂಗಡಿ, ಮಿರ್ಚಿಯ ಗಾಡಿಗಳಿಗೆ ಹಂಚಿಹೋಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣಗಳನ್ನು ಕಟ್ಟಿಸಿಕೊಂಡು ಹೋದವರು ಮತ್ತೆ ತರಿಸಿಕೊಳ್ಳುವುದೂ ಉಂಟು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ವೀರೇಶ್ವರ ಪುಣ್ಯಾಶ್ರಮವನ್ನು ಪ್ರೇಕ್ಷಣೀಯ ಸ್ಥಳಗಳ ಪಟ್ಟಿಗೆ ಸೇರಿಸಲು ಉತ್ಸಾಹಿಗಳು ಮುಂದಾಗಬಹುದು. ಪಂಚಾಕ್ಷರಿ ಗವಾಯಿಗಳೂ ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದ ಸ್ಥಳವದು. ಸಂಗೀತದಲ್ಲಿ ಆಸಕ್ತಿಯುಳ್ಳ ಯುವಕರು ಹೋಗಲಿ, ಮೂಲೆಯಲ್ಲಿ ಕುಳಿತು ಕೇಳಲಿ. ಆದರೆ ಅಭ್ಯಾಸದಲ್ಲಿ ತೊಡಗಿದ ಮಕ್ಕಳ ಮುಂದೆ ಮೊಬೈಲು ಹಿಡಿದು ನಿಲ್ಲುವುದನ್ನು ನಾವು ಪ್ರೋತ್ಸಾಹಿಸಬಾರದು.

ಪ್ರತಿಮೆ, ಬಣ್ಣದ ಕಾರಂಜಿ, ಸ್ವಾಗತ ಕಮಾನುಗಳಿಗಾಗಿ ಮನವಿ ಸಲ್ಲಿಸುವುದನ್ನು ಸದ್ಯಕ್ಕೆ ಬದಿಗಿಡೋಣ. ನಮ್ಮ ಸಂಸ್ಥೆಯ ಮುಂದಿನ ಕಾರ್ಯಕಾರಿ ಸಭೆಗೆ ನಾನು ಸಲ್ಲಿಸಬಯಸುವ ಸೂಚನೆಗಳು ಅಗ್ಗದವು. ಎರಡು ಮುದ್ರಣಾಲಯ, ಎರಡು ಮಗ್ಗದ ಮನೆಗಳು ಪ್ರತಿ ಶನಿವಾರ ಮಧ್ಯಾಹ್ನ ಬಾಗಿಲು ತೆರೆದಿರಲಿ. ಸೈಕಲ್ ಮತ್ತು ಸ್ಕೂಟರುಗಳನ್ನು ದಿನಬಾಡಿಗೆಗೆ ಕೊಡಲು ಒಬ್ಬ ಸದಸ್ಯರಾದರೂ ಮುಂದೆ ಬರಲಿ. ಮಾರುಕಟ್ಟೆಯಲ್ಲಿ ಹೆಣ್ಣುಮಕ್ಕಳು ಉಪಯೋಗಿಸಬಹುದಾದ ಒಂದು ಶೌಚಾಲಯದ ನಿರ್ವಹಣೆಯನ್ನು ಸಂಸ್ಥೆಯೇ ವಹಿಸಿಕೊಳ್ಳಲಿ. ವಸತಿಗೃಹಗಳ ಸದಸ್ಯರು ಗುರುತಿನ ಚೀಟಿಯುಳ್ಳ ಯಾವ ವಯಸ್ಕರಿಗೂ ಕೊಠಡಿ ನಿರಾಕರಿಸುವುದಿಲ್ಲವೆಂದು ಬರೆದು, ಆ ಫಲಕವನ್ನು ಬಾಗಿಲಲ್ಲಿ ತೂಗುಹಾಕಲಿ. ಹೆಬ್ಬಾತುಗಳು ನವೆಂಬರಿನಲ್ಲಿ ಬರುತ್ತವೆ. ಫಲಕಗಳನ್ನು ಅಚ್ಚು ಹಾಕಿಸಲು ಮುದ್ರಣಾಲಯಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಮೊದಲ ಫಲಕದ ವೆಚ್ಚವನ್ನು ನಾನೇ ಕೊಡುತ್ತೇನೆ.