ಹೋಗುವಾಗ ಏಳೂವರೆ, ಬರುವಾಗ ಒಂಬತ್ತೂವರೆ

ದೆಹಲಿಯಿಂದ ರಾತ್ರಿ 8 ಗಂಟೆಗೆ ಹೊರಟ ವಿಮಾನ ಬೆಳಿಗ್ಗೆ 7ಕ್ಕೆ ಟೋಕಿಯೊ ತಲುಪುತ್ತದೆ ಎಂದಿರಲಿ. ಮರಳುವಾಗ ಬೆಳಿಗ್ಗೆ 11ಕ್ಕೆ ಟೋಕಿಯೊ ಬಿಟ್ಟು ಸಂಜೆ 5ಕ್ಕೆ ದೆಹಲಿಯಲ್ಲಿ ಇಳಿಯುತ್ತದೆ. ವೇಳಾಪಟ್ಟಿ ನೋಡಿದ ಹುಡುಗ ಥಟ್ಟನೆ ಹೇಳುವ ಉತ್ತರ: ಹೋಗಲು 11 ಗಂಟೆ, ಬರಲು 6. ಎರಡೂ ತಪ್ಪು. ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಹೊತ್ತು. ಟೋಕಿಯೊ ಗಡಿಯಾರ ಭಾರತದ ಗಡಿಯಾರಕ್ಕಿಂತ ಮೂರೂವರೆ ಗಂಟೆ ಮುಂದೆ. ಹೋಗುವ ಲೆಕ್ಕದಲ್ಲಿ ಅದನ್ನು ಕಳೆದು, ಬರುವ ಲೆಕ್ಕಕ್ಕೆ ಕೂಡಿಸಿದರೆ ಸಿಗುವುದು ಏಳೂವರೆ ಮತ್ತು ಒಂಬತ್ತೂವರೆ ಗಂಟೆ.

ಲೆಕ್ಕ ಸರಿಹೋಯಿತು, ಪ್ರಶ್ನೆ ಉಳಿಯಿತು. ಎರಡು ನಗರಗಳ ನಡುವಿನ ದೂರ ಸುಮಾರು 5,850 ಕಿ.ಮೀ. ವಿಮಾನವೂ ಅದೇ. ಬರುವಾಗ ಎರಡು ಗಂಟೆ ಹೆಚ್ಚು ಏಕೆ?

‘ಭೂಮಿ ತಿರುಗುತ್ತದಲ್ಲ, ಅದಕ್ಕೆ’ ಎಂಬ ಉತ್ತರ ಅನೇಕ ಮನೆಗಳಲ್ಲಿ ಸಿಗುತ್ತದೆ, ಒಮ್ಮೊಮ್ಮೆ ತರಗತಿಯಲ್ಲೂ. ಆದರೆ ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ವಿಮಾನವನ್ನು ಮೇಲೆ ಬಿಟ್ಟು ನೆಲ ಮಾತ್ರ ಸರಿಯುವುದಾದರೆ, ಪೂರ್ವದಲ್ಲಿರುವ ಟೋಕಿಯೊ ದೂರ ಓಡಬೇಕು, ದೆಹಲಿ ಎದುರು ಬರಬೇಕು. ಆಗುವುದು ಇದಕ್ಕೆ ತದ್ವಿರುದ್ಧ. ಓಡುವ ರೈಲಿನೊಳಗೆ ಮೇಲಕ್ಕೆಸೆದ ನಾಣ್ಯ ಮತ್ತೆ ಅಂಗೈಗೇ ಬೀಳುತ್ತದೆ. ಹಾಗೆಯೇ ಗಾಳಿ, ವಿಮಾನ ಎಲ್ಲವೂ ಭೂಮಿಯ ಜೊತೆಗೇ ತಿರುಗುತ್ತವೆ.

ನಿಜವಾದ ಕಾರಣ ನೆಲದಿಂದ ಸುಮಾರು ಹತ್ತು ಕಿ.ಮೀ. ಮೇಲಿದೆ. ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಬಿರುಗಾಳಿಯೇ ಜೆಟ್ ಮಾರುತ. ಚಳಿಗಾಲದಲ್ಲಿ ಜಪಾನಿನ ಮೇಲೆ ಇದರ ವೇಗ ಗಂಟೆಗೆ 300 ಕಿ.ಮೀ. ಮೀರುವುದುಂಟು. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 200 ಕಿ.ಮೀ. ವೇಗದ ಗಾಳಿ ಬೆನ್ನ ಹಿಂದಿದ್ದರೆ ನೆಲದ ಲೆಕ್ಕದಲ್ಲಿ ಅದರ ವೇಗ 1,100. ಎದುರಿಗಿದ್ದರೆ ಬರೀ 700. ದಾರಿಯುದ್ದಕ್ಕೂ ಗಾಳಿ ಇಷ್ಟು ಜೋರಾಗಿರುವುದಿಲ್ಲ. ಬೇಸಿಗೆಯಲ್ಲಿ ಅದು ಸೊರಗಿ ಉತ್ತರಕ್ಕೆ ಸರಿಯುತ್ತದೆ. ಆಗ ಹೋಗುವ ಬರುವ ಅಂತರವೂ ಕುಗ್ಗುತ್ತದೆ. (ಈ ಗಾಳಿಯನ್ನು ಪೂರ್ವಕ್ಕೆ ತಿರುಗಿಸುವುದು ಭೂಮಿಯ ಭ್ರಮಣೆಯೇ. ಮನೆಯವರ ಉತ್ತರಕ್ಕೆ ಅಷ್ಟರಮಟ್ಟಿಗೆ ಅಂಕ ಕೊಡಬಹುದು.)

ಇನ್ನು 5,850 ಕಿ.ಮೀ. ಎಂಬುದು ಗೋಳದ ಮೇಲೆ ದಾರ ಹಿಡಿದು ಅಳೆದ ಅತಿ ಹತ್ತಿರದ ದಾರಿ. ಆ ದಾರ ಟಿಬೆಟ್ ಮೇಲೆ ಹಾಯುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಕೆಟ್ಟರೆ ಕೂಡಲೇ ಸುಮಾರು ಮೂರು ಕಿ.ಮೀ. ಎತ್ತರಕ್ಕೆ ಇಳಿಯಬೇಕು, ಟಿಬೆಟ್ಟಿನಲ್ಲಿ ನೆಲವೇ ನಾಲ್ಕು ಕಿ.ಮೀ.ಗಿಂತ ಎತ್ತರ! ಆದ್ದರಿಂದ ವಿಮಾನಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಬಳಸಿ ಹೋಗುತ್ತವೆ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಪ್ರಮುಖರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ತತೆನೊ ವೀಕ್ಷಣಾಲಯದಿಂದ ಬಲೂನು ಹಾರಿಸಿ, ಅವು ಸರಿಯುವ ಬಗೆಯನ್ನು ದಾಖಲಿಸಿದರು. ಜಗತ್ತೆಲ್ಲ ಓದಲಿ ಎಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಓದಿದವರು ಮಾತ್ರ ಬಹಳ ಕಡಿಮೆ. 1944ರ ಕೊನೆಗೆ ಟೋಕಿಯೊ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರುಗಳು ಈ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು.

ಯುದ್ಧ ಮುಗಿದ ಮೇಲೆ ಪ್ರಯಾಣಿಕ ವಿಮಾನಗಳು ಅದೇ ಗಾಳಿಯ ಬೆನ್ನೇರಿದವು. 1952ರ ನವೆಂಬರಿನಲ್ಲಿ ಪ್ಯಾನ್ ಅಮೆರಿಕನ್ ವಿಮಾನವೊಂದು ಟೋಕಿಯೊದಿಂದ ಹೊನೊಲುಲುವಿಗೆ 18 ಗಂಟೆಯ ಬದಲು ಹನ್ನೊಂದೂವರೆ ಗಂಟೆಯಲ್ಲಿ ತಲುಪಿತು. ಈಗಲೂ ಟೋಕಿಯೊದಿಂದ ದೆಹಲಿಗೆ ಹೊರಡುವ ವಿಮಾನಕ್ಕೆ ಇಂಧನ ತುಂಬುವ ಮುನ್ನ ಆ ದಿನದ ಗಾಳಿಯ ಮುನ್ಸೂಚನೆ ನೋಡಿಯೇ ಲೆಕ್ಕ ಹಾಕುತ್ತಾರೆ.