ರಕ್ಷಕನ ಭಾಷಣ

ಅತಿಮಾನವ ನಾಯಕರ ಕಥೆಗಳನ್ನು ಮಕ್ಕಳ ಓದೆಂದು ತಳ್ಳಿಹಾಕುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಆದರೆ ಪ್ರಭುತ್ವಕ್ಕೂ ಬಂಡವಾಳಕ್ಕೂ ಇರುವ ನಂಟನ್ನು ಕುರಿತು ನಾನು ಕಂಡ ಅತ್ಯಂತ ಕಟುವಾದ ವಿಡಂಬನೆ ದೊರೆತದ್ದು ಇಂಥದೊಂದು ಕಥೆಯಲ್ಲಿಯೇ: 2019ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ಆರಂಭವಾದ ಅಮೆರಿಕದ ‘ದಿ ಬಾಯ್ಸ್’ ಧಾರಾವಾಹಿಯ ನಾಲ್ಕನೆಯ ಕಂತಿನಲ್ಲಿ.

ಇದರ ಮೂಲ, ಉತ್ತರ ಐರ್ಲೆಂಡಿನ ಗಾರ್ತ್ ಎನಿಸ್ ಬರೆದು ಡ್ಯಾರಿಕ್ ರಾಬರ್ಟ್‌ಸನ್ ಚಿತ್ರಿಸಿದ ಅದೇ ಹೆಸರಿನ ಕಾಮಿಕ್ಸ್. 2006ರಲ್ಲಿ ಅದನ್ನು ಹೊರತಂದದ್ದು ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ರ ಒಡೆತನವುಳ್ಳ ಡಿಸಿ ಸಂಸ್ಥೆಯ ಒಂದು ವಿಭಾಗ. ಆರು ಸಂಚಿಕೆಗಳಾದ ಮೇಲೆ ಸಂಸ್ಥೆ ಅದನ್ನು ಕೈಬಿಟ್ಟಿತು. 2007ರಿಂದ ಡೈನಮೈಟ್ ಪ್ರಕಾಶನ ಮುಂದುವರಿಸಿ, 2012ರಲ್ಲಿ 72ನೆಯ ಸಂಚಿಕೆಯೊಂದಿಗೆ ಮುಗಿಸಿತು. ತನ್ನ ದೇವರುಗಳನ್ನೇ ಗೇಲಿ ಮಾಡುವ ಕೃತಿಯನ್ನು ಆ ಗುಡಿ ಬಹುಕಾಲ ಇಟ್ಟುಕೊಳ್ಳದಿದ್ದುದು ಆಶ್ಚರ್ಯವಲ್ಲ.

ಕಾಮಿಕ್ಸಿನಲ್ಲಿ 2001ರ ಸೆಪ್ಟೆಂಬರ್ 11ರಂದು ಅಪಹೃತ ವಿಮಾನವೊಂದನ್ನು ಉಳಿಸಲು ಹೊರಟ ನಾಯಕರು ತರಬೇತಿಯಿಲ್ಲದೆ, ಹೊಂದಾಣಿಕೆಯಿಲ್ಲದೆ ಎಡವುತ್ತಾರೆ. ವಿಮಾನ ಬ್ರೂಕ್ಲಿನ್ ಸೇತುವೆಗೆ ಅಪ್ಪಳಿಸುತ್ತದೆ. ಅಲ್ಲಿನ ಗುರಿ ಅಸಾಮರ್ಥ್ಯ. ಕಿರುತೆರೆಯ ಕಂತು ಆ ಐತಿಹಾಸಿಕ ದಿನವನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಹೋಮ್‌ಲ್ಯಾಂಡರ್ ಅಪಹರಣಕಾರರನ್ನು ಕೊಲ್ಲುವ ಭರದಲ್ಲಿ ಅವನ ಕಣ್ಣಿನ ಕಿರಣಕ್ಕೆ ವಿಮಾನದ ನಿಯಂತ್ರಣ ಯಂತ್ರವೇ ಸುಟ್ಟುಹೋಗುತ್ತದೆ. ಕೆಲವರನ್ನಾದರೂ ಉಳಿಸೋಣವೆಂದು ಸಹಚರಿ ಕ್ವೀನ್ ಮೇವ್ ಅಂಗಲಾಚಿದರೂ ಅವನು ಒಪ್ಪುವುದಿಲ್ಲ: ಬದುಕಿದವರು ಕಂಡದ್ದನ್ನು ಹೇಳಿಬಿಡುತ್ತಾರೆ. ಮುಂದೆ, ಅವಶೇಷಗಳು ತೇಲಿಬಂದ ಕಡಲತೀರದಲ್ಲಿ ಕ್ಯಾಮೆರಾಗಳೆದುರು ನಿಂತು, ತಮ್ಮನ್ನು ದೇಶದ ರಕ್ಷಣಾ ವ್ಯವಸ್ಥೆಗೆ ಸೇರಿಸಿಕೊಂಡಿದ್ದರೆ ಸಕಾಲಕ್ಕೆ ತಲುಪುತ್ತಿದ್ದೆವೆಂದು ಅವನು ಭಾಷಣ ಮಾಡುತ್ತಾನೆ. ಅವನ ಒಡೆಯರಾದ ‘ವಾಟ್’ ಕಂಪನಿಗೆ ಬೇಕಾದದ್ದೂ ಆ ಗುತ್ತಿಗೆಯೇ.

ಈ ಬದಲಾವಣೆಯಿಂದ ಮೂಲದ ಮೊನೆ ಮೊಂಡಾಗಿಲ್ಲ, ಹರಿತವಾಗಿದೆ ಎಂಬುದು ನನ್ನ ನಿಲುವು. ಕೈಲಾಗದವನನ್ನು ಕಂಡು ನಕ್ಕು ಮರೆಯಬಹುದು. ತನ್ನ ಸೋಲನ್ನೇ ಮುಂದಿಟ್ಟು ಇನ್ನಷ್ಟು ಅಧಿಕಾರ ಬೇಡುವವನು ಹಾಗಲ್ಲ. ಅವನು ನಮ್ಮ ದುಃಖವನ್ನೇ ತನ್ನ ಅರ್ಜಿಯಾಗಿ ಬಳಸಿಕೊಳ್ಳುತ್ತಾನೆ.

ಬೃಹತ್ ಕಂಪನಿಯೊಂದನ್ನು ಅಣಕಿಸುವ ಈ ಕಥೆಯನ್ನು ಮಾರುತ್ತಿರುವುದೂ ಬೃಹತ್ ಕಂಪನಿಯೇ ಅಲ್ಲವೇ ಎಂಬ ಆಕ್ಷೇಪವಿದೆ. ಅದು ನ್ಯಾಯವಾದದ್ದೇ. ಬಂಡವಾಳ ತನ್ನ ವಿರುದ್ಧದ ನಗೆಯನ್ನೂ ಸರಕಾಗಿಸಬಲ್ಲದು. ಹೋಮ್‌ಲ್ಯಾಂಡರ್‌ನನ್ನೇ ಮೆಚ್ಚಿಕೊಂಡ ಪ್ರೇಕ್ಷಕರೂ ಇದ್ದಾರೆ. ಆದರೆ ಕಂತಿನ ಪ್ರಶ್ನೆ ಅದನ್ನು ತೋರಿಸಿದವರೊಂದಿಗೆ ಮುಗಿಯುವುದಿಲ್ಲ. ಕಡಲತೀರದ ಜನ ಆ ಮಾತನ್ನು ನಂಬಿದ್ದು ಅವನ ಶಕ್ತಿಗೆ ಹೆದರಿ ಅಲ್ಲ, ರಕ್ಷಕನೊಬ್ಬ ಇರಲೇಬೇಕೆಂಬ ತಮ್ಮ ಹಂಬಲದಿಂದ. ದುರಂತದ ನೆಲದಲ್ಲಿ ನಿಂತು ಭರವಸೆ ಕೊಡುವವರನ್ನು, ಅದು ಯಾವ ದೇಶವೇ ಇರಲಿ, ಮೊದಲು ಲೆಕ್ಕ ಕೇಳುವುದು ಪ್ರಜೆಗಳ ಕೆಲಸ. ಚಪ್ಪಾಳೆಗೆ ಅವಸರವಿಲ್ಲ.